ಮನೆಯೊಳಗೆ ಹರಡುವ ಸೋಂಕು: ಲಸಿಕೆ ಎಲ್ಲಿ ತಡೆಯುತ್ತದೆ, ಎಲ್ಲಿ ತಡೆಯುವುದಿಲ್ಲ

ಎಲ್ಲರೂ ಲಸಿಕೆ ಹಾಕಿಸಿಕೊಂಡಿರುವ ಮನೆಯಲ್ಲೂ ಒಬ್ಬರಿಗೆ ಜ್ವರ ಬಂದು, ನಾಲ್ಕು ದಿನದಲ್ಲಿ ಇನ್ನಿಬ್ಬರು ಹಾಸಿಗೆ ಹಿಡಿಯುವುದುಂಟು. ಹಾಗಾದರೆ ಲಸಿಕೆಯಿಂದ ಏನು ಬಂತು ಎಂದು ಮನೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳಬೇಕಾದರೆ ಹರಡುವಿಕೆಯನ್ನು ಬಿಡಿಸಿ ನೋಡಬೇಕು. ಮೊದಲು ವೈರಸ್ ಹೊರಗಿನಿಂದ ಯಾರದೋ ಮೂಲಕ ಮನೆಯೊಳಗೆ ಬರಬೇಕು. ಬಂದ ಮೇಲೆ ಆ ವ್ಯಕ್ತಿಯ ಉಸಿರು, ಕೆಮ್ಮು, ಸೀನಿನಲ್ಲಿ ಸಾಕಷ್ಟು ವೈರಸ್ ಹೊರಬೀಳಬೇಕು. ಕೊನೆಗೆ ಜೊತೆಯಲ್ಲಿರುವವರ ಮೂಗು ಗಂಟಲಿನಲ್ಲಿ ಅದು ಬೇರೂರಬೇಕು. ಲಸಿಕೆ ಈ ಮೂರೂ ಹಂತಗಳಲ್ಲಿ ಅಡ್ಡ ಬರುತ್ತದೆ. ಆದರೆ ಮೂರರಲ್ಲೂ ಒಂದೇ ಬಲದಿಂದಲ್ಲ, ಎಲ್ಲ ವೈರಸ್‌ಗಳ ಮುಂದೆಯೂ ಒಂದೇ ಬಲದಿಂದಲ್ಲ.

ಅಳೆಯುವುದು ಹೇಗೆ

ಮನೆಗೆ ಮೊದಲು ಸೋಂಕು ತಂದವರನ್ನು ಮೊದಲ ರೋಗಿ ಎನ್ನೋಣ. ಅವರ ಜೊತೆ ವಾಸಿಸುವವರಲ್ಲಿ ನೂರಕ್ಕೆ ಎಷ್ಟು ಜನರಿಗೆ ಸೋಂಕು ತಗುಲುತ್ತದೆ ಎಂಬುದು ದ್ವಿತೀಯ ಸೋಂಕಿನ ಪ್ರಮಾಣ. ಮನೆಗಳ ಅಧ್ಯಯನಗಳೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ. ರೋಗನಿರೋಧಕ ಶಕ್ತಿ ಇಲ್ಲದವರಲ್ಲಿ ದಡಾರದ ಪ್ರಮಾಣ ನೂರಕ್ಕೆ 90ರ ಆಸುಪಾಸು. ಕೋವಿಡ್ ಬಗ್ಗೆ 2020ರ ಕೊನೆಯಲ್ಲಿ 54 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕಿದ್ದು ಶೇ 16.6. ಕೋವಿಡ್ ವೈರಸ್ಸಿನ ಒಮಿಕ್ರಾನ್ ರೂಪಾಂತರ ಬಂದ ಮೇಲೆ, ಆ ವಿಶ್ಲೇಷಣೆ ಮಾಡಿದ ತಂಡದ್ದೇ ಲೆಕ್ಕದಲ್ಲಿ ಇದು ಶೇ 40 ದಾಟಿತು. ಮನೆಯವರೆಲ್ಲರಿಗೂ ಅಪಾಯ ಒಂದೇ ಸಮನಲ್ಲ ಎಂಬುದೂ ಆ ಮೊದಲ ವಿಶ್ಲೇಷಣೆಯಲ್ಲೇ ಕಂಡಿತ್ತು. ಗಂಡ ಅಥವಾ ಹೆಂಡತಿಗೆ ತಗುಲುವ ಸಾಧ್ಯತೆ ಮನೆಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಮಲಗುವುದಕ್ಕೆ ಅಷ್ಟು ತೂಕವಿದೆ.

ಲಸಿಕೆಯ ಪರಿಣಾಮವನ್ನು ಎರಡಾಗಿ ಅಳೆಯಬೇಕು. ಲಸಿಕೆ ಪಡೆದವರಿಗೆ ಸೋಂಕು ತಗುಲುವ ಸಾಧ್ಯತೆ ಎಷ್ಟು ಇಳಿಯಿತು ಎಂಬುದು ಒಂದು. ಲಸಿಕೆ ಪಡೆದೂ ಸೋಂಕಿತರಾದವರು ಇತರರಿಗೆ ಹರಡುವ ಸಾಧ್ಯತೆ ಎಷ್ಟು ಇಳಿಯಿತು ಎಂಬುದು ಇನ್ನೊಂದು. ಲಸಿಕೆಯ ಬಗೆಗಿನ ಬಹುತೇಕ ಜಗಳಗಳು ಈ ಎರಡನ್ನೂ ಕಲಸಿಬಿಡುವುದರಿಂದ ಹುಟ್ಟುತ್ತವೆ. ಲೆಕ್ಕ ತಿಳಿಯಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಲಸಿಕೆಯೇ ಇಲ್ಲದ ಮನೆಯಲ್ಲಿ ದ್ವಿತೀಯ ಸೋಂಕು ಶೇ 40 ಇರಲಿ. ಲಸಿಕೆ ಸೋಂಕು ತಗುಲುವುದನ್ನು ಶೇ 50ರಷ್ಟು, ಸೋಂಕಿತರು ಹರಡುವುದನ್ನು ಶೇ 30ರಷ್ಟು ತಗ್ಗಿಸುತ್ತದೆ ಎನ್ನೋಣ. ಜೊತೆಯಲ್ಲಿರುವವರಿಗೆ ಮಾತ್ರ ಲಸಿಕೆ ಆಗಿದ್ದರೆ 40 ಇದ್ದದ್ದು 20ಕ್ಕೆ ಇಳಿಯುತ್ತದೆ. ಮೊದಲ ರೋಗಿಗೆ ಮಾತ್ರ ಆಗಿದ್ದರೆ 28ಕ್ಕೆ. ಇಬ್ಬರಿಗೂ ಆಗಿದ್ದರೆ 40ರ ಅರ್ಧದಲ್ಲಿ ಶೇ 70, ಅಂದರೆ 14ಕ್ಕೆ. ಬಿಡಿಯಾಗಿ ಸಾಧಾರಣ ಎನಿಸುವ ಎರಡು ರಕ್ಷಣೆಗಳು ಗುಣಿಸಿಕೊಂಡು ಒಟ್ಟು ಶೇ 65ರ ರಕ್ಷಣೆಯಾಗುತ್ತವೆ.

ಕಣ್ಣಿಗೆ ಬೀಳದ ಮೂರನೆಯ ಲಾಭವೂ ಒಂದಿದೆ, ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಓಡಾಡುವ ನಾಲ್ವರಿದ್ದಾರೆ, ಒಂದು ಋತುವಿನಲ್ಲಿ ಪ್ರತಿಯೊಬ್ಬರೂ ಹೊರಗಿನಿಂದ ಸೋಂಕು ತರುವ ಸಾಧ್ಯತೆ ಶೇ 10 ಎಂದುಕೊಳ್ಳಿ. ನಾಲ್ವರಲ್ಲಿ ಒಬ್ಬರಾದರೂ ತರುವ ಸಾಧ್ಯತೆ ಶೇ 34. ಲಸಿಕೆಯಿಂದ ತಲಾ ಶೇ 5ಕ್ಕೆ ಇಳಿದರೆ ಅದು ಶೇ 18.5. ಈಗ ಮನೆಯಲ್ಲೇ ಇರುವ ಅಜ್ಜಿಯ ಕಡೆಯಿಂದ ನೋಡಿ. ಯಾರಿಗೂ ಲಸಿಕೆ ಇಲ್ಲದಿದ್ದಾಗ ಮನೆಯವರಿಂದ ಅವರಿಗೆ ಸೋಂಕು ತಗುಲುವ ಸಾಧ್ಯತೆ ಸ್ಥೂಲವಾಗಿ 34ರಲ್ಲಿ ಶೇ 40, ಅಂದರೆ ನೂರಕ್ಕೆ ಸುಮಾರು 14. ಎಲ್ಲರಿಗೂ ಲಸಿಕೆ ಆಗಿದ್ದಾಗ 18.5ರಲ್ಲಿ ಶೇ 14, ಅಂದರೆ ನೂರಕ್ಕೆ 3ಕ್ಕಿಂತ ಕಡಿಮೆ. ಜ್ವರ ಬಂದ ಮೇಲೆ ಲಸಿಕೆಯ ಬಗ್ಗೆ ಕೇಳುವವರಿಗೆ, ಮನೆಯೊಳಗೆ ಬಾರದೇ ಹೋದ ಸೋಂಕುಗಳ ಲೆಕ್ಕ ಸಿಗುವುದಿಲ್ಲ.

ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಇದೇ ಪರಿಣಾಮ ಕಂಡಿತು. 2021ರಲ್ಲಿ ಪ್ರಕಟವಾದ ಅದರಲ್ಲಿ 8 ಲಕ್ಷಕ್ಕೂ ಹೆಚ್ಚು ಕುಟುಂಬಗಳ ದಾಖಲೆಗಳಿದ್ದವು. ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ರೋಗನಿರೋಧಕ ಶಕ್ತಿ ಪಡೆದ ಒಬ್ಬರು ಮನೆಯಲ್ಲಿದ್ದರೆ, ಅದಿಲ್ಲದ ಉಳಿದವರಿಗೆ ಕೋವಿಡ್ ಅಪಾಯ ಶೇ 45ರಿಂದ 61ರಷ್ಟು ಕಡಿಮೆಯಿತ್ತು. ಅಂಥವರು ನಾಲ್ವರಿದ್ದರೆ ಶೇ 97ರಷ್ಟು ಕಡಿಮೆ. ಇದು ಒಮಿಕ್ರಾನ್‌ಗಿಂತ ಹಿಂದಿನ ಮಾತು, ಇಂದಿಗೆ ಅಷ್ಟೇ ಅಂಕಿ ಸಿಗದು. ಆದರೂ ದಿಕ್ಕು ಸ್ಪಷ್ಟ: ಮನೆಯಲ್ಲಿ ಲಸಿಕೆ ಆದವರ ಸಂಖ್ಯೆ ಏರಿದಷ್ಟೂ ಉಳಿದವರ ಅಪಾಯ ಇಳಿಯುತ್ತದೆ.

ಮನೆಯೇ ಏಕೆ ಕಠಿಣ

ಬಸ್ಸಿನಲ್ಲಿ ಹತ್ತು ನಿಮಿಷ ಪಕ್ಕದಲ್ಲಿ ಕೂತವರಿಂದ ನಮ್ಮನ್ನು ಕಾಪಾಡುವ ಲಸಿಕೆ ಮನೆಯಲ್ಲಿ ಸೋಲುವುದೇಕೆ? ಮನೆಯಲ್ಲಿ ವೈರಸ್‌ಗೆ ಒಂದೇ ಅವಕಾಶವಲ್ಲ, ದಿನದಿನವೂ ಹೊಸ ಅವಕಾಶ. ಲಸಿಕೆ ಇಲ್ಲದವರಿಗೆ ದಿನಕ್ಕೆ ಶೇ 10ರಷ್ಟು ತಗುಲುವ ಸಾಧ್ಯತೆ ಇದೆ, ಲಸಿಕೆ ಅದನ್ನು ಶೇ 5ಕ್ಕೆ ಇಳಿಸುತ್ತದೆ ಎನ್ನೋಣ. ಒಂದು ದಿನದ ಮಟ್ಟಿಗೆ ರಕ್ಷಣೆ ಶೇ 50. ಐದು ದಿನ ಜೊತೆಗಿದ್ದರೆ ಲಸಿಕೆ ಇಲ್ಲದವರಲ್ಲಿ ಶೇ 41 ಮಂದಿಗೆ, ಲಸಿಕೆ ಪಡೆದವರಲ್ಲಿ ಶೇ 23 ಮಂದಿಗೆ ಸೋಂಕು ತಗುಲುತ್ತದೆ. ರಕ್ಷಣೆ ಶೇ 45ರಷ್ಟೇ ಕಾಣುತ್ತದೆ. ಹತ್ತು ದಿನಕ್ಕೆ 65 ಮತ್ತು 40; ರಕ್ಷಣೆ ಶೇ 38. ಮುಚ್ಚಿದ ಕಿಟಕಿ, ಒಂದೇ ಹಾಸಿಗೆ, ಎಡೆಬಿಡದ ಆರೈಕೆ ಸೇರಿ ದಿನದ ಅಪಾಯ ಶೇ 20ಕ್ಕೆ ಏರಿದರೆ ಹತ್ತು ದಿನದಲ್ಲಿ 89 ಮತ್ತು 65. ರಕ್ಷಣೆ ಶೇ 27ಕ್ಕೆ ಕುಸಿಯುತ್ತದೆ. ಲಸಿಕೆ ಅದೇ, ದೇಹ ಅದೇ. ಬದಲಾದದ್ದು ಸಂಪರ್ಕದ ತೀವ್ರತೆ ಮತ್ತು ಅವಧಿ.

ಆದ್ದರಿಂದ ಮನೆಯ ಅಧ್ಯಯನಗಳಲ್ಲಿ ಲಸಿಕೆಯ ಪರಿಣಾಮ ಸಮುದಾಯದ ಅಧ್ಯಯನಗಳಿಗಿಂತ ಕಡಿಮೆ ಕಾಣುವುದು ಆಶ್ಚರ್ಯವಲ್ಲ. ಗಾಳಿಯಾಡುವಿಕೆ, ಮಾಸ್ಕ್, ಬೇರೆ ಕೋಣೆ ಲಸಿಕೆಗೆ ಬದಲಿಯಲ್ಲ, ಲಸಿಕೆ ಪೂರ್ತಿ ಕೆಲಸ ಮಾಡಲು ಬೇಕಾದ ಆಸರೆ ಎಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ.

ದಡಾರ ನಿಲ್ಲುತ್ತದೆ, ಫ್ಲೂ ನುಸುಳುತ್ತದೆ

ದಡಾರದ ಲಸಿಕೆಯ ಎರಡು ಡೋಸ್ ಶೇ 97ರಷ್ಟು ರಕ್ಷಣೆ ಕೊಡುತ್ತದೆ, ಒಂದೇ ಡೋಸ್ ಕೂಡ ಶೇ 93ರಷ್ಟು. ಫ್ಲೂ ಲಸಿಕೆ ಆ ವರ್ಷದ ವೈರಸ್‌ಗೆ ಚೆನ್ನಾಗಿ ಹೊಂದಿದಾಗಲೂ ವೈದ್ಯರ ಬಳಿ ಹೋಗುವಂಥ ಕಾಯಿಲೆಯನ್ನು ಶೇ 40ರಿಂದ 60ರಷ್ಟು ಮಾತ್ರ ತಗ್ಗಿಸುತ್ತದೆ. ದಡಾರ ಫ್ಲೂಗಿಂತ ಎಷ್ಟೋ ಪಟ್ಟು ವೇಗವಾಗಿ ಹರಡುವ ರೋಗ; ಆದರೂ ಲಸಿಕೆ ಗೆಲ್ಲುವುದು ಅಲ್ಲೇ. ಕಾರಣ ವೈರಸ್ ಹಿಡಿಯುವ ದಾರಿಯಲ್ಲಿದೆ.

ದಡಾರದ ವೈರಸ್ ಉಸಿರಿನ ಮೂಲಕ ಒಳಹೋದರೂ ಅಲ್ಲಿಂದಲೇ ಹೊರಗೆ ಹರಡಲು ಶುರುಮಾಡುವುದಿಲ್ಲ. ಮೊದಲು ದುಗ್ಧರಸ (ಲಿಂಫ್) ಗ್ರಂಥಿಗಳಿಗೆ ಸೇರಿ, ಅಲ್ಲಿ ಬೆಳೆದು, ರಕ್ತದಲ್ಲಿ ಮೈಯೆಲ್ಲ ಸುತ್ತಿ, ಕೊನೆಗೆ ಶ್ವಾಸನಾಳಕ್ಕೆ ಮರಳಿದ ಮೇಲೆ ಕೆಮ್ಮಿನಲ್ಲಿ ಹೊರಬೀಳುತ್ತದೆ. ಮೊದಲ ಲಕ್ಷಣಕ್ಕೇ 10ರಿಂದ 12 ದಿನ ಹಿಡಿಯುತ್ತದೆ. ಲಸಿಕೆಯಿಂದ ರಕ್ತದಲ್ಲಿ ತುಂಬಿರುವ ಐಜಿಜಿ ಎಂಬ ಪ್ರತಿಕಾಯಗಳಿಗೆ (ವೈರಸ್ ಹಿಡಿದು ತಡೆಯುವ ಪ್ರೋಟೀನುಗಳಿಗೆ) ಈ ದಾರಿಯುದ್ದಕ್ಕೂ ವೈರಸ್ ಎದುರಾಗುತ್ತದೆ. ಪ್ರತಿಕಾಯಗಳ ಮಟ್ಟ ಇಳಿದಿದ್ದರೂ ನೆನಪಿನ ಜೀವಕೋಶಗಳು ಎಚ್ಚೆತ್ತು ಹೊಸದಾಗಿ ತಯಾರಿಸಲು ಸಮಯ ಧಾರಾಳವಾಗಿದೆ. ವೈರಸ್ ಮತ್ತೆ ಶ್ವಾಸನಾಳ ತಲುಪುವ ಮೊದಲೇ ಸೋತಿರುತ್ತದೆ. ಹೀಗಾಗಿ ಲಸಿಕೆ ಪಡೆದ ಮಗು ಸಾಮಾನ್ಯವಾಗಿ ತಾನೂ ಕಾಯಿಲೆ ಬೀಳುವುದಿಲ್ಲ, ತಮ್ಮನಿಗೂ ದಾಟಿಸುವುದಿಲ್ಲ.

ಫ್ಲೂ, ಕೋವಿಡ್ ಮತ್ತು ಹಸುಗೂಸುಗಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ವೈರಸ್‌ಗಳಿಗೆ ಈ ಸುತ್ತಾಟ ಬೇಕಿಲ್ಲ. ಇಳಿದ ಜಾಗದಲ್ಲೇ, ಮೂಗು ಗಂಟಲಿನ ಲೋಳೆಪೊರೆಯಲ್ಲೇ ಬೆಳೆದು ಅಲ್ಲಿಂದಲೇ ಹೊರಬೀಳುತ್ತವೆ. ಫ್ಲೂ ಲಕ್ಷಣ ಕಾಣಿಸಲು ಸರಾಸರಿ 2 ದಿನ ಸಾಕು, ಒಮಿಕ್ರಾನ್‌ಗೆ ಸುಮಾರು 3. ನೆನಪಿನ ಜೀವಕೋಶಗಳು ಪೂರ್ತಿ ಕೆಲಸಕ್ಕೆ ಇಳಿಯಲು ಮೂರರಿಂದ ಐದು ದಿನ ಬೇಕು. ಅಷ್ಟರೊಳಗೆ ಪಕ್ಕದಲ್ಲಿ ಮಲಗಿದವರಿಗೆ ವೈರಸ್ ದಾಟಿರಬಹುದು. ಲೋಳೆಪೊರೆಯ ಮೇಲ್ಮೈಯನ್ನು ಕಾಯುವುದು ಮುಖ್ಯವಾಗಿ ಐಜಿಎ ಎಂಬ ಪ್ರತಿಕಾಯ. ತೋಳಿನ ಸ್ನಾಯುವಿಗೆ ಕೊಡುವ ಚುಚ್ಚುಮದ್ದು ಅದನ್ನು ಹೆಚ್ಚು ಹುಟ್ಟಿಸುವುದಿಲ್ಲ. ರಕ್ತದ ಐಜಿಜಿ ಶ್ವಾಸಕೋಶದ ಆಳಕ್ಕೆ ಚೆನ್ನಾಗಿ ತಲುಪುತ್ತದೆ, ಮೂಗಿಗೆ ಕಡಿಮೆ. ಲಸಿಕೆ ಪಡೆದವರಿಗೆ ನೆಗಡಿ ಕೆಮ್ಮು ಬಂದೂ ನ್ಯುಮೋನಿಯಾ ಆಗದಿರುವುದು ಇದರಿಂದಲೇ. ಲಸಿಕೆ ಹಾಕಿಸಿದ ಮೊದಲ ಕೆಲವು ತಿಂಗಳಲ್ಲಿ ರಕ್ತದಲ್ಲಿ ಐಜಿಜಿ ಬಹಳವಿದ್ದಾಗ ಒಂದಷ್ಟು ಮೂಗಿಗೂ ಸೋರಿ ಬರುತ್ತದೆ. ಆ ಅವಧಿಯಲ್ಲಿ ಹರಡುವಿಕೆಯೂ ತಗ್ಗುತ್ತದೆ. ಮಟ್ಟ ಇಳಿದಂತೆ ಈ ಲಾಭ ಮೊದಲು ಹೋಗುತ್ತದೆ; ತೀವ್ರ ಕಾಯಿಲೆಯಿಂದ ಸಿಗುವ ರಕ್ಷಣೆ ಬಹುಕಾಲ ಉಳಿಯುತ್ತದೆ.

ಅಂಕಿಗಳು ಏಕೆ ಒಂದಕ್ಕೊಂದು ಹೊಂದುವುದಿಲ್ಲ

ಇಂಗ್ಲೆಂಡಿನಲ್ಲೇ ಒಂದೇ ವರ್ಷ ಹೊರಬಂದ ಎರಡು ಕೋವಿಡ್ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2021ರ ಮಧ್ಯದಲ್ಲಿ ಬಂದ ಮೊದಲನೆಯದು ಸುಮಾರು 10 ಲಕ್ಷ ಮನೆಸಂಪರ್ಕಗಳ, ಅಂದರೆ ರೋಗಿಯ ಜೊತೆ ವಾಸಿಸುವವರ, ದಾಖಲೆ ನೋಡಿತು. ಮೊದಲ ರೋಗಿಗೆ ಲಸಿಕೆ ಆಗದಿದ್ದ ಮನೆಗಳಲ್ಲಿ ದ್ವಿತೀಯ ಸೋಂಕು ಶೇ 10.1. ಸೋಂಕು ಪತ್ತೆಯಾಗುವ 21 ದಿನ ಮೊದಲೇ ಒಂದು ಡೋಸ್ ಆಗಿದ್ದರೆ ಅದು ಶೇ 6ರ ಆಸುಪಾಸು. ಅಂದರೆ ಸೋಂಕಿತರು ಹರಡುವುದು 40ರಿಂದ 50 ಶೇಕಡಾ ತಗ್ಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಎರಡನೆಯದು ಡೆಲ್ಟಾ ರೂಪಾಂತರದ ಕಾಲದ್ದು. ಅದರಲ್ಲಿ ಪೂರ್ತಿ ಲಸಿಕೆ ಪಡೆದ ಸಂಪರ್ಕಗಳಲ್ಲಿ ಶೇ 25 ಮಂದಿಗೆ, ಲಸಿಕೆ ಇಲ್ಲದವರಲ್ಲಿ ಶೇ 38 ಮಂದಿಗೆ ಸೋಂಕು ತಗುಲಿತ್ತು. ಮೊದಲ ರೋಗಿಗೆ ಲಸಿಕೆ ಆಗಿತ್ತೇ ಇಲ್ಲವೇ ಎಂದು ನೋಡಿದರೆ ಮಾತ್ರ ವ್ಯತ್ಯಾಸವೇ ಇರಲಿಲ್ಲ: ಶೇ 25 ಮತ್ತು ಶೇ 23.

ಎರಡೂ ಸರಿಯಾದ ಅಧ್ಯಯನಗಳೇ. ಮೊದಲನೆಯದು ಅದಕ್ಕೂ ಹಿಂದಿನ ಆಲ್ಫಾ ರೂಪಾಂತರದ ಕಾಲದ್ದು, ಲಸಿಕೆ ಹೊಸದಾಗಿತ್ತು, ಲೆಕ್ಕಕ್ಕೆ ಸಿಕ್ಕಿದ್ದು ತಾವಾಗಿ ಪರೀಕ್ಷೆ ಮಾಡಿಸಿಕೊಂಡವರು ಮಾತ್ರ. ಎರಡನೆಯದರಲ್ಲಿ ಸಂಪರ್ಕಗಳಿಂದ 20 ದಿನಗಳವರೆಗೆ ದಿನವೂ ಮಾದರಿ ತೆಗೆದು ಲಕ್ಷಣವಿಲ್ಲದ ಸೋಂಕುಗಳನ್ನೂ ಹಿಡಿದರು, ಆದರೆ ಜನ ಕಡಿಮೆ: ಪೂರ್ತಿ ಲಸಿಕೆ ಪಡೆದವರು 126, ಪಡೆಯದವರು 40. ಲಸಿಕೆ ಪಡೆದೂ ಸೋಂಕಿತರಾದವರಲ್ಲಿ ವೈರಸ್ಸಿನ ಗರಿಷ್ಠ ಮಟ್ಟ ಇತರರಷ್ಟೇ ಇತ್ತು. ಇಳಿಯುವ ವೇಗ ಮಾತ್ರ ಹೆಚ್ಚಿತ್ತು. ಹರಡುವಿಕೆಯ ಬಹುಪಾಲು ಗರಿಷ್ಠ ಮಟ್ಟದ ಆಸುಪಾಸಿನ ಒಂದೆರಡು ದಿನಗಳಲ್ಲೇ ನಡೆಯುವ ಮನೆಯಲ್ಲಿ, ಆಮೇಲೆ ಬೇಗ ಇಳಿಯುವುದರಿಂದ ಸಿಗುವ ಲಾಭ ಸಣ್ಣದು. ಅಪರೂಪಕ್ಕೆ ಭೇಟಿಯಾಗುವವರಿಗೆ ಅದೇ ಲಾಭ ದೊಡ್ಡದು.

ಇಂಥ ವರದಿ ಓದುವಾಗ ಕೆಲವು ದೋಷಗಳ ಮೇಲೆ ಕಣ್ಣಿಡಬೇಕು. ಮೊದಲು ಲಕ್ಷಣ ಕಂಡವರೇ ಮೊದಲು ಸೋಂಕಿತರಾದವರು ಎಂದೇನಿಲ್ಲ. ಲಸಿಕೆಯಿಂದ ಲಕ್ಷಣ ಕಡಿಮೆಯಾದವರು ತಂದು ಹಂಚಿದ ಸೋಂಕು ಬೇರೆಯವರ ಲೆಕ್ಕಕ್ಕೆ ಹೋಗಬಹುದು. ಮನೆಯ ಇಬ್ಬರೂ ಒಂದೇ ಸಮಾರಂಭದಲ್ಲಿ ಸೋಂಕು ಪಡೆದಿರಬಹುದು. ಒಂದು ಮನೆಯವರು ಸಾಮಾನ್ಯವಾಗಿ ಒಟ್ಟಿಗೇ ಲಸಿಕೆ ಹಾಕಿಸಿಕೊಳ್ಳುವುದರಿಂದ ರೋಗಿಯ ಲಸಿಕೆಯ ಪರಿಣಾಮ ಯಾವುದು, ಸಂಪರ್ಕದವರ ಲಸಿಕೆಯ ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಫ್ಲೂ ವಿಷಯದಲ್ಲೂ ಹೀಗೆಯೇ. ಅಮೆರಿಕದಲ್ಲಿ 2017ರಿಂದ 2020ರವರೆಗೆ ಸುಮಾರು 700 ಮನೆಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ದ್ವಿತೀಯ ಸೋಂಕು ಶೇ 18.8 ಇತ್ತು, ಸಂಪರ್ಕದವರಿಗೆ ಲಸಿಕೆ ಕೊಟ್ಟ ರಕ್ಷಣೆ ಶೇ 21 ಮಾತ್ರ. ಇದನ್ನಷ್ಟೇ ಓದಿದವರು ನಿರಾಶರಾಗುವುದು ಸಹಜ. ಆದರೆ ಕೆನಡಾದಲ್ಲಿ ಪ್ರತ್ಯೇಕ ವಸಾಹತುಗಳಲ್ಲಿ ಒಟ್ಟಾಗಿ ಬಾಳುವ ಕ್ರೈಸ್ತ ಪಂಗಡವಾದ ಹಟರೈಟ್ ಜನರ 49 ವಸಾಹತುಗಳಲ್ಲಿ 2008–09ರಲ್ಲಿ ನಡೆದ ಪ್ರಯೋಗವನ್ನೂ ಓದಬೇಕು. ಅಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಮಾತ್ರ ಲಸಿಕೆ ಕೊಟ್ಟರು: ಕೆಲವು ವಸಾಹತುಗಳಲ್ಲಿ ಫ್ಲೂ ಲಸಿಕೆ, ಉಳಿದವುಗಳಲ್ಲಿ ಹೋಲಿಕೆಗಾಗಿ ಹೆಪಟೈಟಿಸ್ ಎ ಲಸಿಕೆ. ಮಕ್ಕಳಿಗೆ ಫ್ಲೂ ಲಸಿಕೆ ಆದ ಕಡೆ, ಏನೂ ಹಾಕಿಸಿಕೊಳ್ಳದ ದೊಡ್ಡವರಲ್ಲಿ ಮತ್ತು ಇತರರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಫ್ಲೂ ಶೇ 61ರಷ್ಟು ಕಡಿಮೆಯಾಯಿತು. ಅಮೆರಿಕದ ಅಧ್ಯಯನ ಶುರುವಾಗುವುದೇ ಸೋಂಕು ಮನೆಗೆ ಬಂದ ಮೇಲೆ. ಕೆನಡಾದ್ದು ಬರುವ ಮೊದಲಿನಿಂದ ಅಳೆಯಿತು. ಅಜ್ಜ ಅಜ್ಜಿಯರಿಗೆ ಮಾತ್ರ ಫ್ಲೂ ಲಸಿಕೆ ಹಾಕಿಸಿ ಶಾಲೆಯ ಮಕ್ಕಳನ್ನು ಬಿಡುವ ಮನೆಗಳು ಕಳೆದುಕೊಳ್ಳುವುದು ಈ ಲಾಭವನ್ನೇ.

ಹಸುಗೂಸು ಇರುವ ಮನೆ

ಫ್ಲೂ ಲಸಿಕೆಯನ್ನು 6 ತಿಂಗಳಿಗಿಂತ ಚಿಕ್ಕ ಮಗುವಿಗೆ ಕೊಡುವಂತಿಲ್ಲ. ಆ ಮಗುವಿಗೆ ರಕ್ಷಣೆ ಸಿಗುವುದು ಎರಡೇ ದಾರಿಯಿಂದ: ತಾಯಿ ಗರ್ಭಿಣಿಯಾಗಿದ್ದಾಗ ಪಡೆದ ಲಸಿಕೆಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯಿಂದ ದಾಟಿ ಬರುವುದು, ಮತ್ತು ಮಗುವನ್ನು ಎತ್ತಿ ಆಡಿಸುವ ಎಲ್ಲರೂ ಲಸಿಕೆ ಪಡೆದಿರುವುದು. ಎರಡನೆಯದರಲ್ಲಿ ಆಗುವ ಸಾಮಾನ್ಯ ತಪ್ಪು ಕಾಲದ್ದು. ಫ್ಲೂ ಲಸಿಕೆ ಕೆಲಸ ಶುರುಮಾಡಲು ಸುಮಾರು 2 ವಾರ ಬೇಕು. 6 ತಿಂಗಳಿಂದ 8 ವರ್ಷದವರೆಗಿನ ಅಣ್ಣ ಅಕ್ಕಂದಿರಿಗೆ ಮೊದಲ ಬಾರಿ ಹಾಕಿಸುವಾಗ ಕನಿಷ್ಠ 4 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಎಣಿಸಿದರೆ ಒಟ್ಟು ಆರು ವಾರ. ಒಂದೇ ಡೋಸ್ ಹಾಕಿಸಿ ಮುಗಿಯಿತು ಎಂದುಕೊಂಡರೆ ಆ ಮಗುವಿನ ರಕ್ಷಣೆ ಅರೆಬರೆ.

ಆರ್‌ಎಸ್‌ವಿಯಲ್ಲಿ ಮಾತು ಸ್ವಲ್ಪ ಬೇರೆ. ಹಸುಗೂಸುಗಳಿಗೆ ಇದನ್ನು ತರುವವರಲ್ಲಿ ಶಾಲೆಗೆ ಹೋಗುವ ಅಣ್ಣ ಅಕ್ಕಂದಿರೇ ಮುಂದು ಎಂದು ಕೀನ್ಯಾದ ಗ್ರಾಮೀಣ ಮನೆಗಳ ಅಧ್ಯಯನ ತೋರಿಸಿದೆ. ಆದರೆ ಆ ವಯಸ್ಸಿನ ಮಕ್ಕಳಿಗೆ ವಾಡಿಕೆಯಾಗಿ ಕೊಡುವ ಆರ್‌ಎಸ್‌ವಿ ಲಸಿಕೆ ಇಲ್ಲ. ಹಾಗಾಗಿ ಮಗುವನ್ನೇ ನೇರವಾಗಿ ಕಾಯುವ ಎರಡು ಉಪಾಯಗಳಿವೆ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ ಒಂದು. ಅದರ ದೊಡ್ಡ ಪ್ರಯೋಗದಲ್ಲಿ ಮಗುವಿನ ಮೊದಲ 90 ದಿನಗಳ ತೀವ್ರ ಕಾಯಿಲೆ ಶೇ 81.8ರಷ್ಟು ತಗ್ಗಿತು. ಹೆರಿಗೆಗೆ ಕನಿಷ್ಠ 14 ದಿನ ಮೊದಲು ಹಾಕಿಸಿದ್ದರೇ ಪ್ರತಿಕಾಯಗಳು ಸಾಕಷ್ಟು ದಾಟುವುದು. ಇನ್ನೊಂದು ನಿರ್ಸೆವಿಮ್ಯಾಬ್, ಸಿದ್ಧ ಪ್ರತಿಕಾಯದ ಚುಚ್ಚುಮದ್ದು: 5 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 50 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿದ್ದರೆ 100. ಇವೆರಡೂ ಮಗುವನ್ನು ತೀವ್ರ ಕಾಯಿಲೆಯಿಂದ ಕಾಯುತ್ತವೆಯೇ ಹೊರತು ಮನೆಯವರ ನಡುವೆ ಆರ್‌ಎಸ್‌ವಿ ಓಡಾಡುವುದನ್ನು ನಿಲ್ಲಿಸುವುದಿಲ್ಲ. ನೆಗಡಿಯಾದ ಅಣ್ಣ ಮಗುವಿನ ಮುಖಕ್ಕೆ ಮುತ್ತಿಡದಂತೆ ನೋಡಿಕೊಳ್ಳುವುದು ಆಗಲೂ ಬೇಕು.

ಸೋಂಕು ಒಳಗೆ ಬಂದ ಮೇಲೆ

ಒಬ್ಬರಿಗೆ ಫ್ಲೂ ಅಥವಾ ಕೋವಿಡ್ ಬಂದ ದಿನ ಉಳಿದವರು ಓಡಿಹೋಗಿ ಲಸಿಕೆ ಹಾಕಿಸಿಕೊಂಡರೆ ಈ ಸುತ್ತಿಗೆ ಅದು ಉಪಯೋಗವಿಲ್ಲ. ವೈರಸ್ 2–3 ದಿನದಲ್ಲಿ ದಾಟುತ್ತದೆ, ಲಸಿಕೆಗೆ 2 ವಾರ ಬೇಕು. ದಡಾರದಲ್ಲಿ ಮಾತ್ರ, ವೈರಸ್ ನಿಧಾನವಾದ್ದರಿಂದ, ಸಂಪರ್ಕವಾದ 72 ಗಂಟೆಯೊಳಗೆ ಕೊಟ್ಟ ಲಸಿಕೆ ರೋಗವನ್ನು ತಡೆಯಬಲ್ಲದು. ಆದರೆ ಮನೆಯಲ್ಲಿ ಈ 72 ಗಂಟೆ ಎಲ್ಲಿಂದ ಶುರು ಎಂಬುದೇ ತೊಡಕು. ದಡಾರದ ರೋಗಿ ಮೈಮೇಲೆ ದದ್ದು ಏಳುವ 4 ದಿನ ಮೊದಲಿನಿಂದಲೇ ಸೋಂಕು ಹರಡುತ್ತಿರುತ್ತಾನೆ. ದದ್ದು ನೋಡಿ ಗುರುತಿಸುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಸಂಪರ್ಕದಿಂದ 6 ದಿನದೊಳಗೆ ಕೊಡಬಹುದಾದ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಆಗ ನೆರವಿಗೆ ಬರುತ್ತದೆ, ಅದೂ ದದ್ದು ಎದ್ದ ಮೇಲೆ ಸುಮಾರು 2 ದಿನ ಮಾತ್ರ. ಲಸಿಕೆ ಆಗದ ಹಸುಗೂಸು, ರಕ್ಷಣೆ ಇಲ್ಲದ ಗರ್ಭಿಣಿ, ರೋಗನಿರೋಧಕ ಶಕ್ತಿ ತೀರ ಕುಂದಿದವರು ಮನೆಯಲ್ಲಿದ್ದರೆ ದದ್ದು ಕಂಡ ದಿನವೇ ವೈದ್ಯರಿಗೆ ತಿಳಿಸಬೇಕು. ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಬೇಕು. ದಡಾರದ ವೈರಸ್ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೂ ಇರಬಲ್ಲದು.

ಫ್ಲೂನಲ್ಲಿ ಗಡುವು ಇನ್ನೂ ಚಿಕ್ಕದು. ಹಾಂಗ್‌ಕಾಂಗ್‌ನ ಮನೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಸ್ಕ್ ಮತ್ತು ಕೈತೊಳೆಯುವಿಕೆಯಿಂದ ಹರಡುವಿಕೆ ತಗ್ಗಿದ್ದು ಮೊದಲ ರೋಗಿಗೆ ಲಕ್ಷಣ ಕಂಡ 36 ಗಂಟೆಯೊಳಗೆ ಶುರುಮಾಡಿದ ಮನೆಗಳಲ್ಲಿ. ಪರೀಕ್ಷೆಯ ಫಲಿತಾಂಶಕ್ಕೆ ಕಾದರೆ ಆ ಹೊತ್ತು ಕಳೆದುಹೋಗುತ್ತದೆ, ಆದ್ದರಿಂದ ಜ್ವರ ಕೆಮ್ಮು ಕಂಡ ರಾತ್ರಿಯಿಂದಲೇ ರೋಗಿ ಬೇರೆ ಕೋಣೆಯಲ್ಲಿ ಮಲಗಬೇಕು. ಆ ಕೋಣೆಯ ಹೊರಗೋಡೆಯ ಕಿಟಕಿ ತೆರೆದಿರಲಿ, ಮನೆಯ ಕಡೆಗಿನ ಬಾಗಿಲು ಮುಚ್ಚಿರಲಿ. ಕಿಟಕಿಯಲ್ಲಿ ಫ್ಯಾನ್ ಇಡುವುದಾದರೆ ಗಾಳಿಯನ್ನು ಹೊರಗೆ ತಳ್ಳುವಂತೆ ಇಡಬೇಕು. ಗಂಟೆಗೆ ಕನಿಷ್ಠ 5 ಸಲ ಕೋಣೆಯ ಗಾಳಿ ಬದಲಾಗುವಷ್ಟು ಹರಿವು ಗುರಿ. ಬೇರೆ ಕೋಣೆಯೇ ಇಲ್ಲದಿದ್ದರೆ ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಧರಿಸಲಿ, ಒಬ್ಬರ ತಲೆ ಇರುವ ಕಡೆ ಇನ್ನೊಬ್ಬರ ಕಾಲು ಬರುವಂತೆ ಹಾಸಿಗೆಗಳಿರಲಿ. ಆರೈಕೆಗೆ ಒಬ್ಬರೇ ನಿಲ್ಲುವುದು ಲೇಸು, ಅವರು ಆ ವರ್ಷದ ಲಸಿಕೆ ಆದವರಾದರೆ ಇನ್ನೂ ಲೇಸು. ದೊಡ್ಡವರು ಫ್ಲೂ ವೈರಸ್ ಹೊರಹಾಕುವುದು ಲಕ್ಷಣಕ್ಕೆ ಒಂದು ದಿನ ಮೊದಲಿನಿಂದ 5–7 ದಿನದವರೆಗೆ, ಮೊದಲ ಮೂರು ದಿನ ಅತಿ ಹೆಚ್ಚು. ಚಿಕ್ಕ ಮಕ್ಕಳಲ್ಲಿ ಇದು ಹತ್ತು ದಿನವೂ ದಾಟಬಹುದು.

ವಯಸ್ಸಾದವರು, ಗರ್ಭಿಣಿ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಲಸಿಕೆ ಆಗಿದ್ದರೂ ಫ್ಲೂ ವಿರೋಧಿ ಔಷಧದ ಬಗ್ಗೆ ಮೊದಲ 48 ಗಂಟೆಯೊಳಗೆ ವೈದ್ಯರನ್ನು ಕೇಳಬೇಕು. ಸಂಪರ್ಕದವರಿಗೆ ಮುಂಜಾಗ್ರತೆಯಾಗಿ ಬ್ಯಾಲೊಕ್ಸವಿರ್ ಎಂಬ ಫ್ಲೂ ವಿರೋಧಿ ಔಷಧ ಕೊಟ್ಟ ಜಪಾನಿನ ಪ್ರಯೋಗದಲ್ಲಿ ಫ್ಲೂ ಬಂದದ್ದು ಶೇ 1.9 ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ ಶೇ 13.6. ಈ ಔಷಧವನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ, ಅವರಿಗೆ ಒಸೆಲ್ಟಮಿವಿರ್ ವಾಡಿಕೆ.

ಮೂಗಿಗೆ ಸಿಂಪಡಿಸುವ ಜೀವಂತ ಫ್ಲೂ ಲಸಿಕೆ 2ರಿಂದ 49 ವರ್ಷದವರಿಗೆ, ಗರ್ಭಿಣಿಯರನ್ನು ಬಿಟ್ಟು. ಅದನ್ನು ಪಡೆದವರು, ಅಸ್ಥಿಮಜ್ಜೆ ಕಸಿಯಾಗಿ ಪ್ರತ್ಯೇಕ ರಕ್ಷಿತ ಕೋಣೆಯಲ್ಲಿರುವಂಥ ರೋಗಿಗಳಿಂದ 7 ದಿನ ದೂರವಿರಬೇಕು. ಅಂಥವರ ಆರೈಕೆ ಮಾಡುವವರಿಗೆ ಚುಚ್ಚುಮದ್ದೇ ಸರಿ. ಬಾಕಿಯಿರುವ ಲಸಿಕೆಗೆ ಸಣ್ಣ ನೆಗಡಿ ಅಡ್ಡಿಯಲ್ಲ. ಜ್ವರದಿಂದ ಮಲಗಿದವರು ಚೇತರಿಸಿಕೊಂಡ ಮೇಲೆ ಹಾಕಿಸಿಕೊಳ್ಳಬೇಕು. ಫ್ಲೂ ಬಂದು ಹೋದ ಮೇಲೂ ಆ ವರ್ಷದ ಲಸಿಕೆ ಬಿಡಬಾರದು: ಒಂದೇ ಋತುವಿನಲ್ಲಿ ಎರಡು ಮೂರು ಬಗೆಯ ಫ್ಲೂ ವೈರಸ್‌ಗಳು ಸುತ್ತುತ್ತಿರುತ್ತವೆ, ಬಂದದ್ದು ಅವುಗಳಲ್ಲಿ ಒಂದು ಮಾತ್ರ.